ಗಜದ ಮೇಲಿನ ಗುರುತು

ಗನ್ನಿಸನ್, ಕೊಲೊರಾಡೊ
ಸೆಪ್ಟೆಂಬರ್ 17, ಬುಧವಾರ

ಪ್ರೀತಿಯ ತಾತ,

ಹೇಗಿದ್ದೀಯ? ಮೂಗಿಗೆ ಹಾಕುವ ಆಕ್ಸಿಜನ್ ಈಗ ಮಲಗುವಾಗ ಮಾತ್ರ ಸಾಕು ಎಂದು ಕಾರ್ಲಾ ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು. ಸಮುದ್ರದ ಗಾಳಿ ನಿನ್ನ ಎದೆಗೆ ಒಗ್ಗಿತಲ್ಲ, ಸದ್ಯ. ಊಟ ಸರಿಯಾಗಿ ಮಾಡುತ್ತಿದ್ದೀಯ ತಾನೆ? ಕಡಲಹಕ್ಕಿಗಳನ್ನು ಬೈಯುವುದು ಇನ್ನೂ ಬಿಟ್ಟಿಲ್ಲವಂತೆ. "ಎಲ್ಕ್ ಜಿಂಕೆ ಕೂಗೋ ಊರಲ್ಲಿ ಬಾಳಿದವನನ್ನ ಈ ಕಿರಚೋ ಹಕ್ಕಿಗಳ ಬಾಯಿಗೆ ಹಾಕಿಬಿಟ್ರಲ್ಲೇ" ಅಂದೆಯಂತೆ. ಅದನ್ನು ಕೇಳಿ ನಗು ಬಂತು.

ನಾನು ಚೆನ್ನಾಗಿದ್ದೇನೆ, ಅಂದರೆ ಎಂದಿನ ಭಯದಲ್ಲಿದ್ದೇನೆ. ಶುಕ್ರವಾರ ಕೆಮಿಸ್ಟ್ರಿ ಟೆಸ್ಟ್. ನಾನು ಮೊದಲು ಓದಿದ ಇಂಗ್ಲೆಂಡಿನ ಹಾಸ್ಟೆಲಿನಲ್ಲಿ ಗಂಟೆ ಹೊಡೆದರೆ ಎದ್ದೇಳು, ಗಂಟೆ ಹೊಡೆದರೆ ಓದು. ಇಲ್ಲಿ ಯಾವ ಗಂಟೆಯೂ ಇಲ್ಲದೆ ಕ್ಲಾಸಿನ ಕಿಟಕಿಯಲ್ಲಿ ಆಸ್ಪೆನ್ ಮರಗಳು ಹಳದಿಯಾಗುತ್ತವೆ, ನಾನು ಪುಸ್ತಕ ತೆರೆದಿಟ್ಟುಕೊಂಡು ಅವುಗಳೊಳಗೆ ನಡೆದು ಹೋಗಿಬಿಡುತ್ತೇನೆ. ಮೊನ್ನೆ ಮೇಷ್ಟ್ರು ಹೆಸರು ಕೂಗಿದ್ದೇ ಕೇಳಿಸಲಿಲ್ಲ. ನನ್ನ ಅರ್ಧ ಇಂಗ್ಲೆಂಡಿನ ಉಚ್ಚಾರಣೆ ಪಕ್ಕದ ಮನೆಯ ಲೆಲ್ಯಾಂಡ್ ಮಾಮನಿಗೆ ಇನ್ನೂ ಹಳತಾಗಿಲ್ಲ. ಬೇಲಿಯ ಹತ್ತಿರ ಕಂಡರೆ ಸಾಕು, "ಏನ್ ರಾಣಿಯಮ್ಮಾ, ಅರಮನೇಲಿ ಟೀ ಆಯ್ತಾ?"

ನಿನ್ನ ಕಾಗದ ಬಂದಿದೆ. ಗುಂಡು ಎರಕ ಹೊಯ್ಯುವ ಅಚ್ಚನ್ನು ಲೆಲ್ಯಾಂಡ್ ಮಾಮನಿಗೆ ಕೊಟ್ಟುಬಿಡು ಎಂದಿದ್ದೀಯ. ಕೈ ಹೋದವನಿಗೆ ಅಚ್ಚು ಯಾಕೆ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ. ಹೋದ ಸೆಪ್ಟೆಂಬರಿನಲ್ಲಿ ಅರವತ್ತು ಹೆಜ್ಜೆ ದೂರದ ಹೆಣ್ಣು ಎಲ್ಕ್‌ಗೆ ನೀನು ಹೊಡೆದ ಗುಂಡು ತಪ್ಪಿ, ಅದರ ಹೊಟ್ಟೆಯ ಕೆಳಗೆ ಮಣ್ಣು ಹಾರಿದಾಗ, ನೀನು ಕೋವಿಯನ್ನು ನನ್ನ ಕೈಗಿಟ್ಟು "ಸಾಕು ಕಣೇ ಡೆಲ್ಲಾ, ಕಣ್ಣೂ ಹೋಯ್ತು, ಕೈನೂ ಹೋಯ್ತು" ಅಂದೆ. ಐವತ್ತು ವರ್ಷ ಬೇಟೆಯಾಡಿದ ಮನುಷ್ಯ ಒಂದು ಗುಂಡಿಗೆ ಬೇಟೆಯನ್ನೇ ಬಿಟ್ಟೆ.

ಈ ವರ್ಷ ಹೆಣ್ಣು ಎಲ್ಕ್‌ನ ಲೈಸೆನ್ಸ್ ನನ್ನ ಹೆಸರಿಗೆ ಬಂದಿತ್ತಲ್ಲ, ಎರಡು ವಾರದ ಹಿಂದೆ ಲೆಲ್ಯಾಂಡ್ ಮಾಮನ ಹಿತ್ತಿಲಲ್ಲಿ ಗುಂಡು ಆರಿಸಲು ಕೂತೆವು. ಬೆಂಚಿನ ಮೇಲೆ ಮೂರು ಬಗೆ. ಮೊದಲನೆಯದು ನಾನೇ ಅಂಗಡಿಯಿಂದ ತಂದ, ಪ್ಲಾಸ್ಟಿಕ್ ಅಂಗಿ ತೊಟ್ಟ ತಾಮ್ರದ ಗುಂಡು, ಎಷ್ಟು ಚಂದ ಹೊಳೆಯುತ್ತಿತ್ತು ಗೊತ್ತಾ. ಮಾಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಬಾಯಿಂದ ತುಂಬೋ ಕೋವಿ ಸೀಸನ್ನಲ್ಲಿ ಇದು ನಡೆಯಲ್ಲ ತಾಯಿ. ಕಾನೂನು ಓದದೆ ಕಾಲೇಜಲ್ಲಿ ಇನ್ನೇನು ಓದ್ತೀಯ? ಕಾಡಿನ ವಾರ್ಡನ್ ಹಿಡಿದ್ರೆ ನಿನ್ ಜೊತೆ ನಂಗೂ ಮಂಗಳಾರತಿ!" ಎರಡನೆಯದು ನಿನ್ನ ಅಚ್ಚಿನ ಸೀಸದ ಗುಂಡು, ಬೂದು ಬಣ್ಣದ್ದು, ಬುಡಕ್ಕೆ ಜೇನುಮೇಣ ಮೆತ್ತಿದ್ದು. ಗುಂಡನ್ನು ನಳಿಕೆಯೊಳಕ್ಕೆ ಇಳಿಸುವ ಗಜದ ಕಡ್ಡಿಯ ಮೇಲೆ ಮೈಭಾರವೆಲ್ಲ ಹಾಕಿ ತಳ್ಳಿದರೂ ನಳಿಕೆಯ ಅರ್ಧಕ್ಕೇ ಕಚ್ಚಿಕೊಂಡಿತು, ನನ್ನ ಅಂಗೈ ಊದಿತು. ಮೂರನೆಯದು ಹೋದ ವರ್ಷ ನಿನ್ನ ಹುಟ್ಟುಹಬ್ಬಕ್ಕೆ ನಾನು ಕೊಟ್ಟ ಡಬ್ಬಿ. ಅದೂ ಸೀಸವೇ, ಆದರೆ ನಿನ್ನದಕ್ಕಿಂತ ಒಂದು ಕೂದಲೆಳೆಯಷ್ಟು ಸಪೂರ. ಗಂಟು ಕಟ್ಟಿದ ನಿನ್ನ ಬೆರಳುಗಳಿಗೆ ತ್ರಾಸ ಬೇಡ ಎಂದು ತಂದಿದ್ದೆ. ಎರಡೇ ಬೆರಳಲ್ಲಿ ಬೆಣ್ಣೆಯಂತೆ ಇಳಿಯಿತು. ನಾನು ಅದನ್ನೇ ಆರಿಸಿಕೊಂಡೆ.

ಭಾನುವಾರ ಬೆಳಗ್ಗೆ ಮಂಜು ಎಷ್ಟಿತ್ತೆಂದರೆ ನಾನು ತೊಟ್ಟಿದ್ದ ಕಿತ್ತಳೆ ಅಂಗಿ ನನಗೇ ಬೇರೆ ಯಾರದೋ ಅನ್ನಿಸುತ್ತಿತ್ತು. ಹನಿ ಬೀಳುತ್ತಿದ್ದುದರಿಂದ ತುಂಬಿದ ಕೋವಿಯ ಬಾಯಿ ಕೆಳಗೆ ಮಾಡಿ ಹೆಗಲಿಗೇರಿಸಿ, ನೀನು ಬೇಟೆಯಾಡುತ್ತಿದ್ದ ಇಳಿಜಾರಿನಲ್ಲಿ ಇಳಿದೆ. ಎಲ್ಲೋ ಗಂಡು ಎಲ್ಕ್ ಕೂಗಿತು. ಆ ಸ್ವರ ಕೊಳಲಾಗಿ ಶುರುವಾಗಿ ಕಡೆಗೆ ಬಾಗಿಲ ಕೀಲಿನಂತೆ ಕಿರುಗುಡುತ್ತದಲ್ಲ, ಅದನ್ನು ಕೇಳುತ್ತ ನಾನು ನಡೆಯುತ್ತಿದ್ದೇನೋ ನಿದ್ದೆಯಲ್ಲಿದ್ದೇನೋ ತಿಳಿಯಲಿಲ್ಲ. ತಿರುವಿನಲ್ಲಿ ಹೆಣ್ಣು ಎಲ್ಕ್ ಒಂದು ನಿಂತಿತ್ತು. ಎಪ್ಪತ್ತು ಹೆಜ್ಜೆ ಇರಬಹುದು. ಮೂಗಿನಿಂದ ಬಿಟ್ಟ ಉಸಿರು ಮಂಜಿನೊಳಗೆ ಮಂಜಾಗಿ ಸೇರುತ್ತಿತ್ತು. ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಇಡಬೇಕು, ಅಷ್ಟರಲ್ಲಿ ನಿನ್ನ ದನಿ ಕಿವಿಯ ಹಿಂದೆಯೇ ಬಂತು: "ಕೇಪಿಗೆ ಮುಂಚೆ ಗಜ ಇಳಿಸು, ಗುರುತು ನೋಡು." ಹೋದ ವರ್ಷ ಅದೊಂದು ಮುದುಕರ ಗೊಣಗಾಟ ಅಂದುಕೊಂಡಿದ್ದೆ. ಗಜ ಇಳಿಸಿದೆ. ಗುಂಡು ಮದ್ದಿನ ಮೇಲೆ ಸರಿಯಾಗಿ ಕೂತಿದ್ದರೆ ನೀನು ಗೀರಿದ ಗುರುತು ನಳಿಕೆಯ ಬಾಯಿಗೆ ಸಮ ಇರಬೇಕು. ಅದು ಎರಡು ಬೆರಳು ಮೇಲಿತ್ತು.

ಮೆಲ್ಲಗೆ ತಳ್ಳಿದೆ. ಒಳಗೆ 'ಟಿಕ್' ಎಂದಿತು. ಅಷ್ಟಕ್ಕೇ ಅವಳು ತಲೆಯೆತ್ತಿ ನನ್ನನ್ನು ನೋಡಿದಳು, ಅವಸರವೇ ಇಲ್ಲದೆ ಮರಗಳೊಳಕ್ಕೆ ಹೋದಳು. ನಾನು ಹೊಡೆಯಲಿಲ್ಲ. ಮಂಜು ಕರಗುವವರೆಗೂ ಅಲ್ಲೇ ಕೂತಿದ್ದೆ. ಸಂಜೆ ಕೇಳಿದಾಗ ಮಾಮ ಅಂದ: "ಸಡಿಲ ಗುಂಡಿನ ಕೋವೀನ ತಲೆಕೆಳಗೆ ಹೊತ್ರೆ ಜಾರದೆ ಇನ್ನೇನು? ಹಾಗೇ ಹೊಡೆದಿದ್ರೆ ನಳಿಕೆ ಒಡೀತಿತ್ತು, ಹೊಡೀದಿದ್ದೇ ನಿನ್ ಪುಣ್ಯ. ನಳಿಕೆ ಒಡೀದಿದ್ರೂ ಗುಂಡು ಅಂತೂ ನೆಲಕ್ಕೇ."

ಸೀಸನ್ ಇನ್ನೂ ನಾಲ್ಕು ದಿನ ಇದೆ. ಟೆಸ್ಟ್ ಮುಗಿಸಿ ಶನಿವಾರ ಮತ್ತೆ ಹೋಗುತ್ತೇನೆ. ಚಿಕ್ಕಮ್ಮನಿಗೆ ನನ್ನ ನೆನಪು ಹೇಳು, ಹಕ್ಕಿಗಳಿಗೂ. ಅಲ್ಲಿಯ ಗಾಳಿ ನಿನ್ನ ಎದೆ ತುಂಬಾ ಸಲೀಸಾಗಿ ಓಡಾಡಿಕೊಂಡಿರಲಿ.

ನಿನ್ನ
ಡೆಲ್ಲಾ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ, ಇಲ್ಲದಿದ್ದರೆ ಬರೆಯುವುದೇ ಇಲ್ಲ. ಹೋದ ವರ್ಷ ನನಗೆ ಬೇಜಾರಾಗಬಾರದೆಂದು ನೀನು ತುಂಬಿದ್ದು ನನ್ನ ಡಬ್ಬಿಯ ಗುಂಡನ್ನೇ. ಏದುಸಿರು ಬಂದು ನೀನು ಬೇಲಿಕಂಬ ಹಿಡಿದು ನಿಂತಾಗ ಕೋವಿ ಹೊತ್ತವಳು ನಾನು, ಬಾಯಿ ಕೆಳಗೆ ಮಾಡಿ. ಕೋವಿ ವಾಪಸು ತೆಗೆದುಕೊಳ್ಳುವಾಗ "ಗುರುತು ನೋಡಿದ್ಯೇನೇ?" ಎಂದು ನೀನು ಕೇಳಿದೆ. "ನೋಡ್ದೆ ತಾತ" ಅಂದೆ ನಾನು. ನೋಡಿರಲಿಲ್ಲ. ನಿನ್ನ ಕಣ್ಣು ಹೋಗಿಲ್ಲ, ಕೈಯೂ ಹೋಗಿಲ್ಲ. ಅಚ್ಚನ್ನು ನಾನು ಯಾರಿಗೂ ಕೊಟ್ಟಿಲ್ಲ. ಶನಿವಾರಕ್ಕೆ ನಿನ್ನ ಬಿಗಿ ಗುಂಡನ್ನೇ ತುಂಬುತ್ತೇನೆ, ಅಂಗೈ ಎಷ್ಟು ಬೇಕಾದರೂ ಊದಲಿ. ಗುರುತು ನೋಡುತ್ತೇನೆ.