ಗಿರಿಜಾ ಹೇಳದೆ ಆಪರೇಷನ್ನಿಗೆ ಹೋದದ್ದು

ನೋಡ್ರೀ,

ನೀವು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ನಾನೂ ಮಗಳೂ ಹೆಬ್ಬಾಳದ ಆಸ್ಪತ್ರೆಯಲ್ಲಿರುತ್ತೇವೆ. ಮೂಗಿನ ಮೇಲಿನ ಗಂಟು ಕ್ಯಾನ್ಸರ್ ಅಂತ ಗೊತ್ತಾದ ಮೇಲೂ "ಎಪ್ಪತ್ತೊಂದು ವರ್ಷಕ್ಕ ಆಪರೇಷನ್ ಯಾಕ ಬೇಕು?" ಅಂದಿರಲ್ಲ, ಅದಕ್ಕೇ ಹೇಳದೆ ಹೊರಟೆ.

ಆಪರೇಷನ್ನಿಗೆಂದು ಪ್ರಜ್ಞೆ ತಪ್ಪಿಸಿದ ಮೇಲೆ ನಿಮ್ಮ ಅಣ್ಣ ಮತ್ತೆ ಏಳಲಿಲ್ಲ, ನಿಮ್ಮ ಹೆದರಿಕೆ ನನಗೆ ಗೊತ್ತು. ನನಗೆ ಹಾಗೆ ಮಾಡುವುದಿಲ್ಲ. "ಮುಖ ಅಷ್ಟೇ ಮರಗಟ್ಟುತ್ತೆ, ನೀವು ಮಾತಾಡ್ತಾ ಇರಬಹುದು ಅಮ್ಮಾ" ಅಂದಿದ್ದಾರೆ ಡಾಕ್ಟರು. ಗಂಟು ತೆಗೆದ ಜಾಗಕ್ಕೆ ಕೆನ್ನೆಯ ಚರ್ಮ ಸರಿಸಿ ಹೊಲಿಯುತ್ತಾರಂತೆ.

ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ. ಬಿಪಿ ಮಾತ್ರೆ ಮರೆಯಬೇಡಿ.

ಮೂಗುತಿ ದೇವರ ಮುಂದಿದೆ. ಮತ್ತೆ ಹಾಕಿಕೊಳ್ಳಲು ಆಗುತ್ತೋ ಇಲ್ಲವೋ.

ನನಗೂ ಭಯವಿದೆ. ಸಂಜೆ ಬಾಗಿಲು ನೀವೇ ತೆಗೆಯಿರಿ, ಮುಖ ಮಾತ್ರ ತಿರುಗಿಸಬೇಡಿ. ಕನ್ನಡಿ ನೋಡುವ ಮೊದಲು ನಾನು ನಿಮ್ಮನ್ನೇ ನೋಡುತ್ತೇನೆ.

ಗಿರಿಜಾ