ಕಂಪ್ಯೂಟರು ಕಡೂರು ಸೇರಿದ ಬಗೆ

ಅಜ್ಜಂಪುರ
ಗುರುವಾರ, 9-2-1989

ಪ್ರೀತಿಯ ಮಲ್ಲೀ,

ದಾವಣಗೆರೆ ನೀರು ಒಗ್ಗಿತೇನೇ? ನಿನಗೆ ಗಂಟಲು ಕಟ್ಟಿದೆಯೆಂದು ತರೀಕೆರೆಯಲ್ಲಿ ನಿಮ್ಮಮ್ಮ, ಅಂದರೆ ನಮ್ಮಕ್ಕ, ಹೇಳಿದಳು. ಮೆಣಸು ಜೀರಿಗೆ ಕಷಾಯ ಕುಡಿ. ಕಂಪ್ಯೂಟರ್ ಕಲಿಸುವ ರೂಮನ್ನು ತಣ್ಣಗೆ ಇಟ್ಟಿರುತ್ತಾರಂತೆ, ತಲೆಗೆ ಒಂದು ಟವಲ್ ಸುತ್ತಿಕೊಂಡು ಕೂರು. ಯಾರಾದರೂ ನಕ್ಕರೆ ಅಜ್ಜಂಪುರದ ಮೈಕ್‌ಸೆಟ್ ದೇವೀರಪ್ಪನ ಸೊಸೆ ಅಂತ ಹೇಳು, ಸುಮ್ಮನಾಗುತ್ತಾರೆ. ನಾವಿಲ್ಲಿ ಕ್ಷೇಮ. ನಿಮ್ಮ ತೀರ್ಥಮ್ಮತ್ತೆಗೆ ಮಂಡಿ ಮಾತ್ರ ಸೋತಿದೆ, ಬಾಯಿ ಮೊದಲಿನಷ್ಟೇ ಗಟ್ಟಿ.

ನಿನ್ನ ಕಂಪ್ಯೂಟರು ನಿನ್ನೆ ತರೀಕೆರೆ ಬಿಟ್ಟು ಕಡೂರು ಸೇರಿತು. ಮೈಮೇಲೆ ಒಂದು ಗೀರೂ ಇಲ್ಲ. ಸೋಮವಾರ ಶಾಲೆ ಕಮಿಟಿಯವರ ಮುಂದೆ ನೀನು ಅದನ್ನು ನಡೆಸಿ ತೋರಿಸಿದರೆ ಟೀಚರ್ ಕೆಲಸ ನಿನ್ನದು, ನಡೆಯದೆ ಹೋದರೆ ನಿಮ್ಮಪ್ಪ ಷಣ್ಮುಖಪ್ಪ ಭಾವ ಅದನ್ನು ಮಾರಿ ಹಿರೇನಲ್ಲೂರಿನ ಗಂಡಿಗೆ ಮಾತು ಕೊಟ್ಟುಬಿಡುತ್ತಾರೆ. ಇದು ನನಗೆ ನೆನಪಿರುವುದರಿಂದಲೇ ಲಾರಿಯವರ ಕೈಗೆ ಕೊಡದೆ ನಾನೇ ಹೊರಟಿದ್ದು. ಎತ್ತಿನ ಗಾಡಿಯ ಕಾಲದಿಂದ ಹಾರ್ನು, ಆಂಪ್ಲಿಫೈಯರು, ಸೀರಿಯಲ್ ಸೆಟ್ಟು ಹೇರಿಕೊಂಡು ಊರೂರು ತಿರುಗಿ ಒಂದು ಬಲ್ಬನ್ನೂ ಒಡೆಯದವನು ನಾನು. ಲಕ್ಕವಳ್ಳಿ ಡ್ಯಾಮಿನ ಇಂಜಿನಿಯರು ಒಬ್ಬರು ನಾನು ಗಂಟು ಹಾಕುವುದನ್ನು ನಿಂತು ನೋಡಿ ತಲೆಯಾಡಿಸಿ ಹೋಗಿದ್ದಾರೆ. ಜೊತೆಗೆ ನಮ್ಮ ಕೆಲಸದ ಉಗ್ರಪ್ಪನನ್ನು ಕರೆದುಕೊಂಡೆ. ಹೊರೋದಕ್ಕೆ ಮಾತ್ರ, ಬುದ್ಧಿ ಕೇಳೋದಕ್ಕಲ್ಲ. ಹೋದ ವರ್ಷ ಸಖರಾಯಪಟ್ಟಣದ ಮದುವೆಯಲ್ಲಿ ಓಲಗದ ಕ್ಯಾಸೆಟ್ಟನ್ನು ಹಾರ್ನಿನ ಹಿಂದಿರುವ ಯೂನಿಟ್ಟಿನ ಮೇಲೆ ಇಟ್ಟು ಮರೆತ ಮಹಾನುಭಾವ ಇವನೇ. ಯೂನಿಟ್ಟಿನೊಳಗೆ ಬೆಲ್ಲದ ಅಚ್ಚಿನಷ್ಟು ದಪ್ಪ ಅಯಸ್ಕಾಂತ ಇರುತ್ತದೆ, ಹಾಡನ್ನೆಲ್ಲ ಒರೆಸಿಹಾಕಿತು. ತಾಳಿ ಕಟ್ಟುವ ಹೊತ್ತಿಗೆ ಓಲಗದ ಬದಲು ಬರೀ ಸುಂಯ್ ಅಂತ. ಅವತ್ತು ಅವನಿಗೆ ಬೈದ ಬೈಗುಳ ಮೈಕಿನಲ್ಲಿ ಇಡೀ ಊರಿಗೆ ಕೇಳಿತ್ತು.

ತರೀಕೆರೆಯಲ್ಲಿ ನಿಮ್ಮಪ್ಪ ಅದನ್ನು ಕೊಂಡ ಜಯದೇವಪ್ಪನವರ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ನೋಡಿದರೆ ನನಗೆ ದಿಕ್ಕೇ ತೋಚಲಿಲ್ಲ ಕಣೇ. ಕಂಪ್ಯೂಟರು ಒಂದು ಅಂದುಕೊಂಡು ಹೋದರೆ ಅಲ್ಲಿ ಒಂದು ಟೀವಿ, ಅದರಡಿ ಒಂದು ಪೆಟ್ಟಿಗೆ, ಮುಂದೆ ಟೈಪ್‌ರೈಟರಿನ ಹಲ್ಲುಸಾಲು. ಇದರಲ್ಲಿ ಯಜಮಾನ ಯಾರು, ಆಳು ಯಾರು? ಟೀವಿ ದೊಡ್ಡದಿದೆ ಅಂತ ಅದಕ್ಕೇ ಮರ್ಯಾದೆ ಮಾಡಬೇಕೋ? ಪೆಟ್ಟಿಗೆ ತೂಕವಾಗಿದೆ, ಆದರೆ ಮಣೆಯ ಹಾಗೆ ಕೆಳಗೆ ಬಿದ್ದಿದೆ. ಕೊನೆಗೆ ಜಯದೇವಪ್ಪನವರನ್ನೇ ಕೇಳಿದೆ, ಇದರ ಬುದ್ಧಿ ಎಲ್ಲಿದೆ ಸ್ವಾಮಿ ಅಂತ. ಅವರು ಡ್ರಾಯರಿನಿಂದ ಕಾಗದದ ಚೀಲ ಹಾಕಿದ ಎರಡು ತೆಳ್ಳನೆಯ ಕರಿ ತಟ್ಟೆ ತೆಗೆದು, "ಎಲ್ಲಾ ಈ ಫ್ಲಾಪಿಲಿರೋದು ಕಣಪ್ಪಾ, ಇದಿಲ್ದೇ ಹೋದ್ರೆ ಅದು ಖಾಲಿ ಡಬ್ಬ" ಎಂದರು. ಮೂರು ಆಳಿನ ಸಾಮಾನಿನ ಬುದ್ಧಿಯೆಲ್ಲ ಹಪ್ಪಳದಂಥ ತಟ್ಟೆಯಲ್ಲಿ. ನನಗೆ ಇನ್ನೂ ನಂಬಿಕೆ ಬಂದಿಲ್ಲ.

ನೀನು ಹೇಳಿಹೋದದ್ದನ್ನೆಲ್ಲ ಮಾಡಿದೆ. ಪ್ರತಿ ವೈರು ಬಿಚ್ಚುವ ಮುಂಚೆ ವೈರಿಗೂ ಅದರ ತೂತಿಗೂ ಒಂದೇ ಬಣ್ಣದ ಬಟ್ಟೆಚೂರು ಕಟ್ಟಿದೆ. ಅತ್ತೆಯ ಹಳೇ ಸೀರೆ, ಅವಳಿಗೆ ಹೇಳಬೇಡ. ಪೆಟ್ಟಿಗೆಯಲ್ಲಿ ತಟ್ಟೆ ತೂರಿಸುವ ಬಾಯಿಗೆ ರಟ್ಟು ಇಡು ಮಾವ, ಒಳಗೆ ಅಲುಗಾಡಬಾರದು ಅಂದಿದ್ದೆಯಲ್ಲ, ದಪ್ಪನೆಯ ಒಂದು ಲಗ್ನಪತ್ರಿಕೆ ಮಡಿಸಿ ಬಾಯಿಗಿಟ್ಟು ಮುಚ್ಚಿದೆ. ಇಂಥ ಉಪಾಯ ಮನುಷ್ಯರಿಗೂ ಇದ್ದಿದ್ದರೆ ನಮ್ಮ ಮನೆಯಲ್ಲೊಂದು ಲಗ್ನಪತ್ರಿಕೆ ಉಳಿಯುತ್ತಿರಲಿಲ್ಲ. ಟೀವಿಯ ಮುಖಕ್ಕೆ ಕಂಬಳಿ ಹೊದಿಸಿ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಕೂರಿಸಿದೆ. ಟೀವಿಯಡಿಯ ಆ ತೂಕದ ಪೆಟ್ಟಿಗೆಯನ್ನು ಎರಡು ದಿಂಬಿನ ಮಧ್ಯೆ ಕಟ್ಟಿದೆ. ಇನ್ನು ಆ ಕರಿ ತಟ್ಟೆಗಳು, ಕ್ಯಾಸೆಟ್ ಇದ್ದ ಹಾಗೇ, ಜೋಪಾನ ಅಂದಿದ್ದೆಯಲ್ಲ. ಸಂಜೆ ಸಖರಾಯಪಟ್ಟಣದಲ್ಲಿ ಇನ್ನೊಂದು ಮದುವೆ ಒಪ್ಪಿಕೊಂಡಿದ್ದರಿಂದ ನನ್ನ ಜೊತೆ ಹಾರ್ನಿನ ಎರಡು ಯೂನಿಟ್ಟೂ ಇದ್ದವು, ಒಳಗೆಲ್ಲ ಮಖಮಲ್ಲು ಹೊಲಿಸಿದ ಪೆಟ್ಟಿಗೆಯಲ್ಲಿ. ಅದರಷ್ಟು ಮೆತ್ತಗಿನ ಜಾಗ ಈ ಸೀಮೆಯಲ್ಲೇ ಇಲ್ಲ. ತಟ್ಟೆಗಳನ್ನು ಎರಡು ಯೂನಿಟ್ಟಿನ ನಡುವೆ ಒತ್ತಿ ಇಟ್ಟೆ, ಕೂಸನ್ನು ಅಪ್ಪ ಅಮ್ಮನ ನಡುವೆ ಮಲಗಿಸಿದ ಹಾಗೆ. ಒಂಚೂರೂ ಅಲ್ಲಾಡಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರು ಎಲ್ಲವನ್ನೂ ಟಾಪಿಗೆ ಹಾಕು ಅಂದ. ನಾನು ಆಗುವುದಿಲ್ಲ ಅಂದೆ. ಟೀವಿಯ ಪೆಟ್ಟಿಗೆಯಿಂದ ಇಣುಕಿದ ಹುಲ್ಲು ನೋಡಿ, "ಒಳಗೇನ್ ಯಜಮಾನ್ರೇ, ಕೋಳಿನಾ?" ಅಂದ. ಲಿಂಗ ಕಟ್ಟಿದವನ ಮಡಿಲಲ್ಲಿ ಕೋಳಿ. "ಕೋಳಿ ಅಲ್ಲ ಕಣಯ್ಯಾ, ನಾಳೆ ನಿನ್ನ ಟಿಕೆಟ್ನೂ ಇದೇ ಹರಿಯುತ್ತೆ, ಈಗ್ಲೇ ಕೈ ಮುಗ್ದು ಜಾಗ ಬಿಡು" ಅಂದೆ. ಅವನೂ ಕಡಿಮೆಯವನಲ್ಲ, "ಹಂಗಾದ್ರೆ ಅದಕ್ಕೇ ಹೇಳಿ ನಿಮ್ಮ ಟಿಕೆಟ್ ಹರುಸ್ಕೊಳ್ಳಿ" ಅಂದ. ಬಸ್ಸೆಲ್ಲ ನಕ್ಕಿತು. ಬೀರೂರು ದಾಟುವವರೆಗೂ ಟೀವಿ ನನ್ನ ತೊಡೆಯ ಮೇಲೆ, ದಿಂಬು ಕಟ್ಟಿದ ಪೆಟ್ಟಿಗೆ ಉಗ್ರಪ್ಪನ ತೊಡೆಯ ಮೇಲೆ, ಮಖಮಲ್ಲಿನ ಪೆಟ್ಟಿಗೆ ನಮ್ಮಿಬ್ಬರ ಮಧ್ಯೆ.

ಕಡೂರಿನ ಶಾಲೆಯಲ್ಲಿ ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ನೋಡಿ ವೈರು ಸಿಕ್ಕಿಸಿದೆವು. ಎಲ್ಲ ಮುಗಿದ ಮೇಲೂ ಹಿಂದುಗಡೆ ಎರಡು ತೂತು ಖಾಲಿ ಉಳಿದವು. ಅವು ಮೊದಲಿಂದಲೂ ಖಾಲಿಯೋ, ನಾವು ಏನಾದರೂ ಬಿಟ್ಟೆವೋ ತಿಳಿಯದು. ನಾನು ಬರುವವರೆಗೂ ಸ್ವಿಚ್ಚು ಮುಟ್ಟಬೇಡಿ ಅಂತ ನೀನು ಅಂದಿದ್ದೆಯಲ್ಲ, ಮುಟ್ಟಿಲ್ಲ. ತಟ್ಟೆಗಳನ್ನು ಮಾತ್ರ ಕಮಿಟಿಯ ಬೀರುವಿನಲ್ಲಿಡಿಸಿ ಬೀಗ ಹಾಕಿಸಿದ್ದೇನೆ. ಸೋಮವಾರ ನೀನು ಬಂದು ಹಾಕಿದ ತಕ್ಷಣ ಅದು ಓಡದಿದ್ದರೆ ನನ್ನ ಹೆಸರು ತೆಗೆದುಬಿಡು.

ಊಟ ಬಿಡಬೇಡ, ವಿಭೂತಿ ಮರೆಯಬೇಡ. ಅತ್ತೆ ನಿನಗೆ ಅಂತ ಕೊಬ್ಬರಿ ಮಿಠಾಯಿ ಮಾಡಿದ್ದಾಳೆ, ನಾಳೆ ಬಟ್ಟೆ ತರಲು ದಾವಣಗೆರೆ ರೈಲು ಹತ್ತುವ ಓಂಕಾರಮೂರ್ತಿಯ ಕೈಯಲ್ಲಿ ಈ ಕಾಗದದ ಜೊತೆ ಬರುತ್ತದೆ. ಅರ್ಧ ಅವನು ತಿಂದಿರುತ್ತಾನೆ, ಬೇಜಾರಾಗಬೇಡ. ಕುಲದೇವರು ನಿನ್ನ ಕೈ ಹಿಡಿದು ನಡೆಸಲಿ.

ಇಂತಿ ನಿನ್ನ ಮಾವ,
ದೇವೀರಪ್ಪ

ಮರೆತಿದ್ದೆ: ಕಾಗದ ಅಂಟಿಸುವ ಹೊತ್ತಿಗೆ ಉಗ್ರಪ್ಪ ಬಂದ. ಬಾಗಿಲಲ್ಲೇ ನಿಂತು, "ಅಣ್ಣಾ, ಆ ತಟ್ಟೆ ಕ್ಯಾಸೆಟ್ ಇದ್ದಂಗೇ ಅಂತ ಮಲ್ಲಮ್ಮಾರು ಹೇಳಿದ್ದು ನಿಂಗೇ ಅಲ್ವಾ? ಎರಡು ಯೂನಿಟ್ ಮಧ್ಯ ಮಲಗ್ಸಿದ್ದೂ ನೀನೇ ಅಲ್ವಾ?" ಅಂದು ನಗುತ್ತಾ ಹೋದ. ಹೋದ ವರ್ಷ ಮೈಕಿನಲ್ಲಿ ಬೈದದ್ದನ್ನು ಅವನು ಮರೆತಿಲ್ಲ. ಆ ದಡ್ಡನ ಮಾತು ನೀನೇನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆದರೂ ಮಗಳೇ, ದಾವಣಗೆರೆ ಬಿಡುವ ಮುಂಚೆ ಅಲ್ಲಿಯವರ ಕೈಕಾಲು ಹಿಡಿದಾದರೂ ಆ ಎರಡು ತಟ್ಟೆಗಳಿಗೆ ಇನ್ನೊಂದು ಜೊತೆ ಬರೆಸಿಕೊಂಡು ಬಾ. ಭಾವನಿಗೆ ಗೊತ್ತಾಗುವುದು ಬೇಡ. ಸೋಮವಾರ ಕಡೂರು ಸ್ಟೇಷನ್ನಿಗೆ ನಾನೇ ಬಂದಿರುತ್ತೇನೆ. ತಟ್ಟೆ ಹಿಡಿದ ನಿನ್ನ ಹತ್ತಿರ ಬಂದರೆ ಹೆದರಬೇಡ, ಯೂನಿಟ್ಟು ಮನೆಯಲ್ಲಿ ಬಿಟ್ಟು ಬರಿಗೈಯಲ್ಲಿ ಬರುತ್ತೇನೆ, ಉಡಿದಾರದ ಬೀಗದಕೈಯನ್ನೂ ಅತ್ತೆಗೆ ಬಿಚ್ಚಿಕೊಟ್ಟು ಬರುತ್ತೇನೆ.