ಮೊದಲು ಯಂತ್ರ, ಆಮೇಲೆ ಪ್ರಶ್ನೆ

ಅಕ್ಕನ ಮನೆ, ಐದನೇ ಮಹಡಿ
ಭಾನುವಾರ, ಊಟವಾದ ಮೇಲೆ

ರೀ,

ನಾನು ಕ್ಷೇಮ. ಈ ಮಾತನ್ನು ನೀವು ಸುಲಭಕ್ಕೆ ನಂಬುವವರಲ್ಲ ಅಂತ ಗೊತ್ತಿದ್ದೇ ಮೊದಲ ಸಾಲಿನಲ್ಲಿ ಬರೆದಿದ್ದೇನೆ. ಮಾತ್ರೆ ತಪ್ಪಿಸಿಲ್ಲ, ನಿದ್ದೆ ಬರುತ್ತಿದೆ. ಅಕ್ಷರ ನೆಟ್ಟಗಿದೆಯೋ ಓಡುತ್ತಿದೆಯೋ ಅಂತ ಕಾಗದವನ್ನು ದೀಪಕ್ಕೆ ಹಿಡಿದು ನೋಡಬೇಡಿ. ಅಕ್ಕನ ಊಟದ ಮೇಜಿನ ಒಂದು ಕಾಲು ಗಿಡ್ಡ, ಅದಕ್ಕೇ ಸಾಲು ಓರೆಯಾಗಿದೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಏನು ಹೇಳುತ್ತೇನೆ ಅಂತ ನೀವು ಕೇಳಿಸಿಕೊಳ್ಳುವುದಿಲ್ಲ, ಎಷ್ಟು ಬೇಗ ಬೇಗ ಹೇಳುತ್ತೇನೆ ಅಂತ ಕೇಳಿಸಿಕೊಳ್ಳುತ್ತೀರಿ. ಇಲ್ಲಿ ನಾನು ಎರಡನೇ ಸಲ ಬಡಿಸಿಕೊಂಡರೆ ಅಕ್ಕ ಖುಷಿಪಡುತ್ತಾಳೆ. ನೀವಾಗಿದ್ದರೆ ಹಸಿವು ಹೆಚ್ಚಾಗಿದೆ ಅಂತ ಡಾಕ್ಟರಿಗೆ ವರದಿ ಒಪ್ಪಿಸುತ್ತಿದ್ದಿರಿ.

ನಾನು ಮನೆ ಬಿಟ್ಟ ದಿನದ ಕಥೆಯನ್ನು ನಿಮ್ಮ ಬಾಯಿಂದ ಅಕ್ಕ ಕೇಳಿದ್ದಾಳೆ. ನನ್ನದು ಇಷ್ಟು. ಆ ಬೆಳಿಗ್ಗೆ ನಿವೃತ್ತ ಹೆಡ್‌ಮಾಸ್ಟರು ಓದುವ ಕನ್ನಡಕಕ್ಕೆ ಅಂತ ನಮ್ಮ ಅಂಗಡಿಗೆ ಬಂದಿದ್ದರು. ಬೇರೆ ಯಾರಿಗೋ ತೆಗೆದಿಟ್ಟಿದ್ದ ಗುಲಾಬಿ ಬಣ್ಣದ ಹೆಂಗಸರ ಫ್ರೇಮನ್ನು ತಾವೇ ಎತ್ತಿ ಹಾಕಿಕೊಂಡು, ಕನ್ನಡಿ ಮುಂದೆ ನಿಂತು, ಇದ್ರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟಾಗಿ ಕಾಣ್ತೀನಿ ಅಲ್ವೇನಮ್ಮಾ ಅಂತ ಗಂಭೀರವಾಗಿ ಕೇಳಿದರು. ನಾನು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಅವರೂ ನಕ್ಕರು. ನಗದವರು ನೀವೊಬ್ಬರೇ. ಎಲ್ಲರೂ ಮೇಷ್ಟರನ್ನು ನೋಡುವ ಹೊತ್ತಿನಲ್ಲಿ ನೀವು ನನ್ನನ್ನು ನೋಡುತ್ತಿದ್ದಿರಿ. ಆಮೇಲೆ ಪ್ಲೈವುಡ್ ಗೋಡೆಯ ಹಿಂದೆ ಹೋಗಿ, ಇವಳ ನಗು ಜಾಸ್ತಿಯಾಗಿದೆ ಡಾಕ್ಟ್ರೇ, ಏನ್ ಮಾಡ್ಲಿ ಅಂತ ಪಿಸುಗುಟ್ಟಿದಿರಿ. ಆ ಗೋಡೆ ತೀರಾ ತೆಳುವಾಯಿತು ಅಂತ ಹಾಕಿಸಿದ ದಿನವೇ ಹೇಳಿದ್ದೆ. ನನಗೆ ಬೇಜಾರಾಯಿತು, ತುಂಬಾ. ಸಂಜೆ ಬಟ್ಟೆ ಮಡಿಸಿ ಇಲ್ಲಿಗೆ ಬಂದೆ.

ನನಗೆ ಬೈಪೋಲಾರ್ ಕಾಯಿಲೆ ಇಲ್ಲವೇ ಇಲ್ಲ ಅಂತ ವಾದ ಮಾಡುತ್ತಿಲ್ಲ. ಶೋಕೇಸುಗಳನ್ನೆಲ್ಲ ರಸ್ತೆಗೆ ಎಳೆದು, ಹೋಗಿ ಬರುವವರಿಗೆಲ್ಲ ಪುಕ್ಕಟೆ ಕನ್ನಡಕ ತೊಡಿಸಿದವಳು ನಾನೇ. ಆಮೇಲೆ ತಿಂಗಳುಗಟ್ಟಲೆ ತಲೆ ಬಾಚಿಕೊಳ್ಳಲೂ ಆಗದೆ ಗೋಡೆ ಕಡೆ ತಿರುಗಿ ಮಲಗಿದವಳೂ ನಾನೇ. ಆಗ ನನ್ನ ತಲೆ ಬಾಚಿದವರು ನೀವು. ಬೈತಲೆ ಒಂದು ದಿನವೂ ನೇರ ಬರಲಿಲ್ಲ, ಆದರೂ ಬಾಚಿದಿರಿ. ಅದನ್ನು ಮರೆತಿಲ್ಲ. ಆದರೆ ಆ ಏರಿಕೆಗೂ ಈ ಇಳಿತಕ್ಕೂ ನಡುವೆ, ನಾನು ಎಲ್ಲರ ಹಾಗೆ ಸುಮ್ಮನೆ ನಗುವ ದಿನಗಳೂ ಇವೆ. ಅವನ್ನು ನನಗೆ ಬಿಟ್ಟುಕೊಡಿ ಅನ್ನುವುದಷ್ಟೇ ನಮ್ಮ ಜಗಳ.

ಮುಖ ನೋಡಿ ಹೇಗೆ ಹೇಳೋದು, ಸಕ್ಕರೆ ಕಾಯಿಲೆಗಿರೋ ಹಾಗೆ ಇದಕ್ಕೂ ಒಂದು ಟೆಸ್ಟ್ ಅಂತ ಇದ್ದಿದ್ರೆ ಅಂತ ನೀವು ಗೊಣಗುತ್ತಿದ್ದಿರಿ. ಮೆದುಳಿನ ರಾಸಾಯನಿಕ ಅಳೆದು ಬೈಪೋಲಾರ್ ಪತ್ತೆ ಅನ್ನುವ ಪತ್ರಿಕೆಯ ಸುದ್ದಿಯನ್ನು ಕತ್ತರಿಸಿ ಕನ್ನಡಿಗೆ ಅಂಟಿಸಿದ್ದೂ ನೀವೇ. ಚಂದವಾಗಿ ಕತ್ತರಿಸಿದ್ದಿರಿ. ಇನ್ನೂ ಬಹಳ ಸಂಶೋಧನೆ ಆಗಬೇಕು ಅನ್ನುವ ಕೊನೆಯ ಪ್ಯಾರಾ ಮಾತ್ರ ಪತ್ರಿಕೆಯಲ್ಲೇ ಉಳಿದಿತ್ತು. ನನಗೂ ಆಸೆಯಿತ್ತು, ಸುಳ್ಳು ಹೇಳುವುದಿಲ್ಲ. ಒಂದು ಸಂಖ್ಯೆ ಸಿಕ್ಕರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ನನ್ನ ಮುಖ ಬಿಟ್ಟು ಅದನ್ನು ನೋಡಿಕೊಳ್ಳಿ ಅನ್ನಬಹುದಿತ್ತು. ಅದಕ್ಕೇ ನಮ್ಮ ಡಾಕ್ಟರು ಆಸ್ಪತ್ರೆಯಲ್ಲಿ ನಡೆಯುತ್ತಿರುವ ಸಂಶೋಧನೆಗೆ ಬರ್ತೀರಾ ಅಂದಾಗ ಒಪ್ಪಿದೆ.

ಮೊದಲು ರಕ್ತ ತೆಗೆದರು. ಆಮೇಲೆ ಸ್ಕ್ಯಾನ್. ಮೈಮೇಲೆ ಲೋಹದ ಚೂರೂ ಇರಬಾರದು. ಬಳೆ, ಪಿನ್ನು, ಕನ್ನಡಕ ಎಲ್ಲ ಹೊರಗಿನ ಟ್ರೇಗೆ. ತಲೆಯ ಮೇಲೊಂದು ಪಂಜರದಂಥದ್ದನ್ನು ಕೂರಿಸಿ, ತಡೆಯಲಾಗದಿದ್ದರೆ ಒತ್ತಿ ಅಂತ ಕೈಗೊಂದು ಗಂಟೆ ಕೊಟ್ಟು, ಕೊಳವೆಯೊಳಗೆ ತಳ್ಳಿದರು. ಮೂಗಿನ ತುದಿಗೆ ಚಾವಣಿ, ಕಿವಿಯ ಪಕ್ಕ ಕಬ್ಬಿಣ ಕುಟ್ಟುವ ಸದ್ದು. ತಲೆಯೊಳಗಿನ ಗ್ಲುಟಮೇಟ್ ಅನ್ನುವ ರಾಸಾಯನಿಕವನ್ನೂ ಅದರ ಬಂಧುಬಳಗವನ್ನೂ ಅದು ಹೊರಗಿನಿಂದಲೇ ಅಳೆಯುತ್ತದಂತೆ. ಲಿಫ್ಟಿನ ಬಾಗಿಲು ಮುಚ್ಚಿದರೇ ಬೆವರುವ, ಈ ಐದು ಮಹಡಿಯನ್ನೂ ಏದುಸಿರು ಬಿಡುತ್ತಾ ಮೆಟ್ಟಿಲಲ್ಲೇ ಹತ್ತುವ ನಿಮ್ಮನ್ನು ನೆನೆದು ನನಗೆ ಒಳಗೇ ನಗು ಬಂತು. ನಗಬೇಡಿ ಮೇಡಂ, ತಲೆ ಅಲುಗುತ್ತೆ ಅಂತ ಸ್ಪೀಕರಿನಿಂದ ಗದರಿದರು. ಅಲ್ಲೂ ನನ್ನ ನಗುವಿನದೇ ತಕರಾರು.

ಕಾಯಿಲೆ ಇರುವವರದ್ದೊಂದು ಗುಂಪು, ಹೋಲಿಸಿ ನೋಡಲು ಇಲ್ಲದವರದ್ದೊಂದು ಗುಂಪು. ಎರಡನೆಯವರು ಸಿಗುವುದೇ ಕಷ್ಟವಂತೆ. ರಕ್ತಸಂಬಂಧಿಗಳು ಆಗುವುದಿಲ್ಲ, ಗಂಡನೋ ಹೆಂಡತಿಯೋ ಆಗಬಹುದು. ನಿಮ್ಮ ಯಜಮಾನ್ರನ್ನೂ ಕೇಳಿದ್ದೇವೆ ಅಂದರು. ನೀವೇನು ಹೇಳಿದಿರಿ ಅನ್ನುವುದನ್ನು ನನಗೆ ಹೇಳುವ ಹಾಗಿಲ್ಲವಂತೆ.

ಗುರುವಾರ ಮತ್ತೆ ಹೋಗಿದ್ದೆ. ಸಂಶೋಧನೆ ಮಾಡುವ ಹುಡುಗಿ ಕಂಪ್ಯೂಟರಿನಲ್ಲಿ ಇದುವರೆಗಿನ ಚಿತ್ರ ತೋರಿಸಿದಳು. ನಮ್ಮ ಗುಂಪಿನವರೆಲ್ಲ ಕೆಂಪು ಚುಕ್ಕೆ, ಆ ಗುಂಪಿನವರು ನೀಲಿ. ಎಲ್ಲ ಸೇರಿಸಿ ಸರಾಸರಿ ತೆಗೆದರೆ ಕೆಂಪು ಒಂಚೂರು ಮೇಲಿದೆ. ಆದರೆ ಚುಕ್ಕೆಗಳು ಮಾತ್ರ ಸಂತೆಯ ಜನರ ಹಾಗೆ ಒಂದರೊಳಗೊಂದು ಬೆರೆತಿವೆ. ಬಣ್ಣ ತೆಗೆದುಬಿಟ್ಟರೆ ಯಾವುದು ಯಾರದು ಹೇಳ್ತೀಯಾ ಅಂತ ಕೇಳಿದೆ. ಹೇಳಕ್ಕಾಗಲ್ಲ ಆಂಟಿ, ಇವತ್ತಿಗಂತೂ ಆಗಲ್ಲ, ಮುಂದೊಂದು ದಿನ ಆಗಬಹುದು, ಅದಕ್ಕೇ ಇಷ್ಟು ಜನರನ್ನ ಕರೀತಾ ಇರೋದು ಅಂದಳು. ಪಾಪ, ಅವಳಿಗೇ ಬೇಸರವಾದಂತಿತ್ತು.

ಹಾಗಾಗಿ ಫ್ರಿಜ್ಜಿಗೆ ಅಂಟಿಸಲು ಏನೂ ಸಿಗಲಿಲ್ಲ. ಇನ್ನು ನಾನು ಮನೆಗೆ ಬರಬೇಕೋ ಇಲ್ಲೇ ಇರಬೇಕೋ ಅನ್ನುವುದನ್ನು ನಾವಿಬ್ಬರೇ ತೀರ್ಮಾನಿಸಬೇಕು. ಬಸ್ಸಿನಲ್ಲಿ ಕೂತು ಯೋಚಿಸಿದೆ. ನಮ್ಮ ಅಂಗಡಿಯಲ್ಲೂ ಗದ್ದ ಇಟ್ಟು ಕಣ್ಣು ನೋಡುವ ಯಂತ್ರವಿದೆ. ಅದು ಪವರ್ ಬರೆದ ಚೀಟಿ ಉಗುಳುತ್ತದೆ. ಆದರೆ ಆ ಚೀಟಿಯೊಂದನ್ನೇ ನೋಡಿ ನೀವು ಇದುವರೆಗೆ ಒಬ್ಬರಿಗಾದರೂ ಕನ್ನಡಕ ಮಾಡಿಕೊಟ್ಟಿದ್ದೀರಾ? ಯಂತ್ರ ದಾರಿ ತೋರಿಸುತ್ತೆ ಅಷ್ಟೇ ಅಂತ ಪರೀಕ್ಷೆಯ ಗಾಜುಗಳ ಪೆಟ್ಟಿಗೆ ತೆಗೆದು ಕೂರುತ್ತೀರಿ. ಹೀಗೆ ಚೆನ್ನಾಗಿದೆಯಾ, ಹಾಗಾ? ಈಗ? ಮತ್ತೆ ಹಳೇದು ಹಾಕ್ತೀನಿ, ಈಗ? ಗಿರಾಕಿ ರೇಗಿದರೂ ನೀವು ರೇಗುವುದಿಲ್ಲ. ಕಾಣುವುದು ಹೇಗಿದೆ ಅಂತ ಕಣ್ಣಿನ ಯಜಮಾನನನ್ನೇ ಕೇಳಬೇಕು ಅನ್ನುವವರು, ಇಷ್ಟು ವರ್ಷದಲ್ಲಿ ನನ್ನನ್ನು ಒಂದು ಸಲವಾದರೂ ಹಾಗೆ ಎದುರು ಕೂರಿಸಿ ಕೇಳಿದ್ದೀರಾ?

ನನ್ನ ಷರತ್ತು ಇದೇ. ಅನುಮಾನ ಬಂದರೆ ಮೊದಲು ನನ್ನನ್ನು ಕೇಳಿ. ತೀರಾ ಮೇಲೆ ಹೋದಾಗ ನಾನು ಹೇಳುವುದೂ ಸರಿಯಿರುವುದಿಲ್ಲ, ಅದು ನನಗೂ ಗೊತ್ತು. ಆಗ ಡಾಕ್ಟರಿಗೆ ಫೋನ್ ಮಾಡಿ, ಆದರೆ ನನ್ನ ಪಕ್ಕದಲ್ಲೇ ಕೂತು ಮಾಡಿ, ಗೋಡೆಯ ಹಿಂದಿನಿಂದ ಬೇಡ. ನಾನು ಕಿರುಚಾಡಿದರೂ ಮಾಡಿ. ಈ ಸಾಲುಗಳನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಇದು ಕಾಯಿಲೆಯಲ್ಲ, ನೀವು ಒಪ್ಪದಿದ್ದರೆ ಅನ್ನುವ ಭಯ.

ಸದ್ಯಕ್ಕೆ ಅಕ್ಕನ ಮನೆಯಲ್ಲಿರುವ,
ನಿಮ್ಮ ಹೆಂಡತಿ

ತಾ.ಕ.: ಗುರುವಾರ ನಾನು ಸ್ವಲ್ಪ ಬೇಗ ಹೋಗಿದ್ದೆ. ಸ್ಕ್ಯಾನ್ ಕೋಣೆಯ ಹೊರಗಿನ ಟ್ರೇಯಲ್ಲಿ ಒಂದು ಕನ್ನಡಕವಿತ್ತು. ಕಂದು ಫ್ರೇಮು, ಎಡಗಡೆ ಕಡ್ಡಿಗೆ ಬೇರೆ ಬಣ್ಣದ ಸ್ಕ್ರೂ. ಆ ಸ್ಕ್ರೂ ಹಾಕಿದ ಕೈ ನನ್ನದು. ಹೋದ ಸಲ ಈ ಯಜಮಾನ್ರು ಅರ್ಧಕ್ಕೇ ಗಂಟೆ ಒತ್ತಿ, ಬೆವೆತು ನೀರಾಗಿ ಎದ್ದು ಬಂದಿದ್ರು, ಇವತ್ತು ಮತ್ತೆ ಅವರಾಗೇ ಬಂದಿದಾರೆ ಅಂತ ಒಬ್ಬ ನರ್ಸ್ ಇನ್ನೊಬ್ಬಳಿಗೆ ಹೇಳುತ್ತಿದ್ದಳು. ನಾನು ಕುಟ್ಟುವ ಸದ್ದು ನಿಲ್ಲುವ ತನಕ ಬಾಗಿಲ ಪಕ್ಕ ನಿಂತಿದ್ದೆ. ನೀವು ಈ ಸಲ ಗಂಟೆ ಒತ್ತಲಿಲ್ಲ. ನೀವು ಹೊರಗೆ ಬರುವ ಮೊದಲೇ ಕಾರಿಡಾರಿನ ಆ ತುದಿಗೆ ಹೋಗಿಬಿಟ್ಟೆ. ಯಾಕೆ ಹೋಗಿದ್ದಿರಿ ಅಂತ ನಾನು ಊಹಿಸುವುದಿಲ್ಲ. ಈ ಕಾಗದವನ್ನು ಅಕ್ಕ ಇವತ್ತೇ ತಲುಪಿಸುತ್ತಾಳೆ, ನಾಳೆ ನಾನೇ ಬಂದು ಕೇಳುತ್ತೇನೆ. ಆ ಸ್ಕ್ರೂ ಸಡಿಲವಾಗಿದೆ, ನಾನು ಬರುವವರೆಗೆ ಮುಟ್ಟಬೇಡಿ.